ಕೋಣೆಯ ಕೀ ಮಕ್ಕಳ ಹತ್ತಿರ, ಬ್ಯಾಟರಿ ಟೀಚರ್ ಹತ್ತಿರ: ಕೊಡಗಿನ ಶಾಲೆಯಲ್ಲೊಂದು ಲೇಸರ್ ಪ್ರಯೋಗಾಲಯ

ನಮ್ಮ ಶಾಲೆಯ ಲೇಸರ್ ಕೋಣೆ ಮೊದಲು ಮುರಿದ ಬೆಂಚು, ಹರಿದ ಭೂಪಟ ತುಂಬಿಟ್ಟಿದ್ದ ಕೊಠಡಿ. ಹೆಂಚಿನ ಮಾಡು, ಒಂದೇ ಕಿಟಕಿ. ಈಗ ಅದರ ಕೀ ಇರುವುದು ಒಂಬತ್ತನೇ ತರಗತಿಯ ಇಬ್ಬರು ಮಕ್ಕಳ ಹತ್ತಿರ. ಲೇಸರ್‌ಗೆ ಹಾಕುವ ಬ್ಯಾಟರಿ ಮಾತ್ರ ನನ್ನ ಮೇಜಿನ ಡ್ರಾಯರ್‌ನಲ್ಲಿ ಬೀಗದೊಳಗಿರುತ್ತದೆ. ಇಷ್ಟು ಸರಳ ಏರ್ಪಾಡಿಗೆ ಬರಲು ನನಗೆ ಮೂರು ವರ್ಷ ಹಿಡಿಯಿತು. ಮೊದಲ ವರ್ಷ ಎಲ್ಲವನ್ನೂ ನಾನೇ ಜೋಡಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದೆ. ನೋಡಿದರು, ಚಪ್ಪಾಳೆ ತಟ್ಟಿದರು, ಮಾರನೇ ವಾರ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಎರಡನೇ ವರ್ಷ ಪೂರ್ತಿ ಅವರ ಕೈಗೇ ಬಿಟ್ಟೆ, ಅದು ಅಪಾಯದ ಅಂಚಿಗೆ ಹೋಯಿತು. ಹಾಗಾಗಿ ಈ ಬರಹದಲ್ಲಿ ಏನನ್ನು ಮಕ್ಕಳಿಗೆ ಬಿಡಬೇಕು, ಏನನ್ನು ಬಿಡಬಾರದು ಎಂಬುದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಸಾಮಾನು ಹೊಂದಿಸುವುದು ಅಷ್ಟು ಕಷ್ಟವಲ್ಲ.

ಮೊದಲು ನಮ್ಮೂರಿನ ಕ್ಯಾಲೆಂಡರ್ ನೋಡಿಕೊಳ್ಳಿ

ಬಯಲುಸೀಮೆಯ ಶಾಲೆಗೆ ಹೊಂದುವ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ ಯಾವ ದಿನ ಬರುತ್ತದೋ ಹೇಳಲಾಗದು, ಕರೆಂಟೂ ಹಾಗೆಯೇ. ಕಾಫಿ ಕೊಯ್ಲು ಶುರುವಾದರೆ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ, ಕೆಲವು ಮಕ್ಕಳು ವಾರಗಟ್ಟಲೆ ಕಾಣುವುದಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಕ್ಲಬ್ ನಡೆಸೋಣವೆಂದರೆ ತೋಟದ ದಾರಿಯಲ್ಲಿ ಆನೆ ಭಯ, ಹೊತ್ತು ಇಳಿಯುವ ಮುನ್ನ ಮಕ್ಕಳು ಮನೆ ಸೇರಬೇಕು. ಆದ್ದರಿಂದ ಈ ಕೆಲಸವನ್ನು ಶಾಲಾ ಸಮಯದೊಳಗೇ ಇಟ್ಟುಕೊಳ್ಳಿ. ಮುಖ್ಯೋಪಾಧ್ಯಾಯರ ಜೊತೆ ಕೂತು ವಾರಕ್ಕೆ ಎರಡು ಪೀರಿಯಡ್ ಒಟ್ಟಿಗೆ ಸಿಗುವ ಹಾಗೆ ಕೇಳಿ ಪಡೆಯಿರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಮ್ಮೆ ವಿಷಯ ಇಟ್ಟು, ಲೇಸರ್ ಎಂದರೇನು, ಯಾವ ಎಚ್ಚರ ವಹಿಸುತ್ತೇವೆ ಎಂದು ಪೋಷಕರಿಗೆ ಹೇಳಿ ಒಪ್ಪಿಗೆ ಬರೆಸಿಕೊಳ್ಳಿ. ನಾನು ಇದನ್ನು ಮೊದಲು ಮಾಡಿರಲಿಲ್ಲ, ಆಮೇಲೆ ಮನೆಮನೆಗೆ ಹೋಗಿ ಹೇಳಬೇಕಾಯಿತು.

ಜೂನ್ ತಿಂಗಳು ಸುರಕ್ಷತೆಯ ಪಾಠಕ್ಕೆ. ಮಳೆಗಾಲ ಕಿರಣ ಹೊಂದಿಸುವ ಅಭ್ಯಾಸಕ್ಕೆ. ದಸರಾ ರಜೆ ಮುಗಿದ ಮೇಲೆ ಅಳತೆಯ ಪ್ರಯೋಗಗಳು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಪ್ರದರ್ಶನ. ಮಾರ್ಚ್ ಎಸ್‌ಎಸ್‌ಎಲ್‌ಸಿ ಮಕ್ಕಳದ್ದು, ಅವರನ್ನು ಕರೆಯಬೇಡಿ.

ಎಂಥ ಲೇಸರ್ ಕೊಳ್ಳಬೇಕು

ಕೆಂಪು ಡಯೋಡ್ ಲೇಸರ್, ತರಂಗದೂರ (ಬೆಳಕಿನ ಅಲೆಯ ಉದ್ದ) 650 ನ್ಯಾನೋಮೀಟರ್, ಕ್ಲಾಸ್ 2, ಅಂದರೆ 1 ಮಿಲಿವ್ಯಾಟ್ ಮೀರದ್ದು. ಶಾಲೆಗೆ ಇದಕ್ಕಿಂತ ಹೆಚ್ಚಿನದು ಬೇಡ. ಈ ಅಂಕಿಯ ಹಿಂದೆ ಕಾರಣವಿದೆ. ಕಣ್ಣಿಗೆ ಜೋರು ಬೆಳಕು ಬಿದ್ದರೆ ನಾವು ಸುಮಾರು ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚುತ್ತೇವೆ ಅಥವಾ ಮುಖ ತಿರುಗಿಸುತ್ತೇವೆ. ಒಂದು ಮಿಲಿವ್ಯಾಟ್ ಒಳಗಿನ ಬೆಳಕಾದರೆ ಆ ಕಾಲು ಸೆಕೆಂಡು ಕಣ್ಣನ್ನು ಕಾಯುತ್ತದೆ. ಅದಕ್ಕಿಂತ ಹೆಚ್ಚಾದಷ್ಟೂ ಆ ಕಾವಲು ಸಾಲದೆ ಬರುತ್ತದೆ.

ಹಸಿರು ಪೆನ್ ಲೇಸರ್ ನೋಡಲು ಚೆಂದ, ಮಕ್ಕಳು ಅದನ್ನೇ ಕೇಳುತ್ತಾರೆ. ಕೊಡಬೇಡಿ. ಸಾಮಾನ್ಯವಾಗಿ ಸಿಗುವ ಹಸಿರು ಪೆನ್ನಿನೊಳಗೆ ಮೊದಲು 1064 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹುಟ್ಟಿ, ಹರಳೊಂದರ ಮೂಲಕ ಹಾದು 532 ನ್ಯಾನೋಮೀಟರಿನ ಹಸಿರಾಗುತ್ತದೆ. ಅಗ್ಗದ ಪೆನ್ನಿನಲ್ಲಿ ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಆ ಅವಕೆಂಪೂ ಹೊರಗೆ ಸೋರುತ್ತದೆ. ಕಾಣದ ಬೆಳಕಿಗೆ ಯಾರ ರೆಪ್ಪೆಯೂ ಮುಚ್ಚುವುದಿಲ್ಲ.

ಚೀಟಿಯನ್ನು ಮಾತ್ರ ನಂಬಿ ಕೂರಬೇಡಿ. ಜಾತ್ರೆಯ ಅಂಗಡಿಯೊಂದರಲ್ಲಿ ನಾನೇ ಕೊಂಡ ಪೆನ್ ಲೇಸರ್ ಮೇಲೆ 5 ಮಿಲಿವ್ಯಾಟ್ ಎಂದು ಅಚ್ಚಾಗಿತ್ತು. ನಮ್ಮ ಎರಡನೇ ವರ್ಷ ಅದು. ಹುಡುಗನೊಬ್ಬ ಕಪ್ಪು ಬಲೂನಿನ ಮೇಲೆ ಹಿಡಿದ, ಬಲೂನು ಒಡೆಯಿತು. ಎಲ್ಲರೂ ನಕ್ಕರು. ನನಗೆ ಮೈ ತಣ್ಣಗಾಯಿತು, ಯಾಕೆಂದರೆ ಐದು ಮಿಲಿವ್ಯಾಟಿಗೆ ಅಷ್ಟು ಸಲೀಸಾಗಿ ಬಲೂನು ಒಡೆಯದು. ಆ ಪೆನ್ನು ಅಂದೇ ಬೀರು ಸೇರಿತು. ಬಲೂನು ಒಡೆಯಲಿಲ್ಲ ಎಂದರೆ ಲೇಸರ್ ಸುರಕ್ಷಿತ ಎಂದೂ ತಿಳಿಯಬೇಡಿ, ಅದು ಪರೀಕ್ಷೆಯೇ ಅಲ್ಲ. ಶಿಕ್ಷಣಕ್ಕೆಂದೇ ತಯಾರಾದ ಲೇಸರನ್ನು ಬಿಲ್ ಸಮೇತ ಕೊಳ್ಳಿ. ಅನುಮಾನವಿದ್ದರೆ ಶಕ್ತಿ ಅಳೆಯುವ ಮೀಟರ್ ಇರುವ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಅಳೆಸಿಕೊಂಡು ಬನ್ನಿ.

ವಿದ್ಯುತ್ತಿಗೆ ಟಾರ್ಚ್ ಸೆಲ್ ಸಾಕು. ಪವರ್ ಬ್ಯಾಂಕ್ ಬಳಸಲು ಹೋಗಿ ನಾವು ಒಂದು ವಾರ ತಲೆಕೆಡಿಸಿಕೊಂಡೆವು: ಲೇಸರ್ ಎಳೆಯುವ ಕರೆಂಟ್ ತೀರಾ ಕಡಿಮೆ, ಅದನ್ನು ನೋಡಿ ಪವರ್ ಬ್ಯಾಂಕ್ ಯಾವ ಫೋನೂ ಇಲ್ಲವೆಂದು ತಾನೇ ಆಫ್ ಆಗುತ್ತಿತ್ತು.

ಕಣ್ಣಿನ ಪಾಠ, ಬ್ಯಾಟರಿ ಇಲ್ಲದೆ

ಮೊದಲ ಎರಡು ವಾರ ಲೇಸರ್ ಉರಿಸುವುದೇ ಬೇಡ. ಭೂತಗನ್ನಡಿ ಹಿಡಿದು ಬಿಸಿಲನ್ನು ಒಣಗಿದ ಎಲೆಯ ಮೇಲೆ ಕೂಡಿಸಿ ತೋರಿಸಿ. ಕಣ್ಣಿನ ಮಸೂರವೂ ಲೇಸರ್ ಕಿರಣವನ್ನು ಅಕ್ಷಿಪಟದ ಮೇಲೆ ಹೀಗೆಯೇ ಸಣ್ಣ ಚುಕ್ಕೆಯಾಗಿ ಕೂಡಿಸುತ್ತದೆ. ಅಕ್ಷಿಪಟಕ್ಕೆ ನೋವು ತಿಳಿಯುವ ನರವಿಲ್ಲ, ಸುಟ್ಟರೂ ಉರಿಯುವುದಿಲ್ಲ. ಈ ಒಂದು ಮಾತು ಹೇಳಿದಾಗ ತರಗತಿ ಮೌನವಾಗುತ್ತದೆ. ಆ ಮೌನದಲ್ಲೇ ನಿಯಮಗಳನ್ನು ಹೇಳಿ, ಅವರ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿ.

ನಮ್ಮ ಗೋಡೆಯ ಮೇಲಿರುವುದು ಇಷ್ಟು. ಕಿರಣ ಮೇಜಿಗೆ ಸಮಾನಾಂತರ, ಯಾರ ಕಣ್ಣಿನ ಮಟ್ಟಕ್ಕೂ ಬಾರದಷ್ಟು ಕೆಳಗೆ. ಲೇಸರ್ ಉರಿಯುವಾಗ ಕೂರುವಂತಿಲ್ಲ, ಬಗ್ಗುವಂತಿಲ್ಲ, ಬಿದ್ದ ಪೆನ್ಸಿಲ್ ಹೆಕ್ಕಬೇಕಾದರೆ ಮೊದಲು ಆಫ್. ಕಿರಣದ ಕೊನೆಗೆ ಯಾವಾಗಲೂ ಕಪ್ಪು ರಟ್ಟು. ವಾಚು, ಬಳೆ, ಉಂಗುರ ತೆಗೆದು ಡಬ್ಬಿಯಲ್ಲಿಡಬೇಕು, ಏಕೆಂದರೆ ಹೊಳೆಯುವ ಪ್ರತಿಯೊಂದೂ ಕನ್ನಡಿಯೇ. ಉರಿಸುವ ಮುನ್ನ "ಬೆಳಕು ಬರ್ತಿದೆ" ಎಂದು ಜೋರಾಗಿ ಕೂಗಬೇಕು, ಎಲ್ಲರೂ "ಬರಲಿ" ಎಂದ ಮೇಲೆಯೇ ಸ್ವಿಚ್.

ಕೋಣೆಯನ್ನು ಗವ್ವೆನ್ನುವಷ್ಟು ಕತ್ತಲು ಮಾಡಬೇಡಿ. ಕತ್ತಲಲ್ಲಿ ಪಾಪೆ ಅಗಲವಾಗುತ್ತದೆ, ತಪ್ಪಿ ಬಿದ್ದ ಬೆಳಕು ಹೆಚ್ಚು ಒಳಗೆ ಹೋಗುತ್ತದೆ. ಕಿಟಕಿಗೆ ಒಂದು ಗೋಣಿ ಇಳಿಬಿಟ್ಟರೆ ಸಾಕು.

ಇನ್ನೊಂದು ಮಾತನ್ನು ಮಕ್ಕಳಿಗೆ ನಮ್ಮ ರಸ್ತೆಯನ್ನೇ ತೋರಿಸಿ ಹೇಳಿ. ರಾತ್ರಿ ಘಾಟಿ ಇಳಿಯುವ ಬಸ್ಸಿನ ಚಾಲಕನ ಕಣ್ಣಿಗೆ ತಿರುವಿನಲ್ಲಿ ಲೇಸರ್ ಬಿದ್ದರೆ ಏನಾಗಬಹುದು? ನಮ್ಮ ಮಕ್ಕಳು ದಿನಾ ಆ ಬಸ್ಸಿನಲ್ಲೇ ಬರುವವರು, ಹೆಚ್ಚು ವಿವರಿಸಬೇಕಾಗುವುದಿಲ್ಲ.

ಮೇಜು ಮತ್ತು ಕನ್ನಡಿ

ಮೊದಲು ನಾವು ಸಿಲ್ವರ್ ಓಕ್ ಹಲಗೆ ಬಳಸಿದೆವು. ಮಳೆಗಾಲದ ತೇವಕ್ಕೆ ಹಲಗೆ ಉಬ್ಬಿ ಬಾಗಿ, ಸೋಮವಾರ ಹೊಂದಿಸಿದ ಕಿರಣ ಗುರುವಾರ ಬೇರೆಲ್ಲೋ ಇರುತ್ತಿತ್ತು. ಆಮೇಲೆ ಯಾರದೋ ಮನೆಯ ಅಡುಗೆಕೋಣೆ ಕಟ್ಟಿ ಉಳಿದಿದ್ದ ಕಡಪ ಕಲ್ಲಿನ ತುಂಡು ಸಿಕ್ಕಿತು. ನಾಲ್ಕಡಿ ಉದ್ದದ ಆ ಕಲ್ಲು ಬಾಗುವುದಿಲ್ಲ, ಅಲುಗುವುದಿಲ್ಲ. ಹೊಳಪು ಕೊಟ್ಟ ಮೇಲ್ಮೈಯಾದರೆ ಬೆಳಕು ಎಗರುತ್ತದೆ, ಒರಟು ಮುಖ ಮೇಲೆ ಬರುವಂತೆ ಇಡಿ.

ಮನೆಯಲ್ಲಿ ಮುಖ ನೋಡುವ ಕನ್ನಡಿ ಈ ಕೆಲಸಕ್ಕೆ ಆಗದು. ಅದರ ಲೇಪ ಗಾಜಿನ ಹಿಂಬದಿಯಲ್ಲಿರುವುದರಿಂದ ಮುಂದಿನ ಗಾಜೂ ಸ್ವಲ್ಪ ಬೆಳಕನ್ನು ಹಿಂದಕ್ಕೆ ಕಳಿಸಿ, ಗೋಡೆಯ ಮೇಲೆ ಎರಡು ಚುಕ್ಕೆ ಬೀಳುತ್ತವೆ. ಗುಜರಿಯಲ್ಲಿ ಹಳೆ ಸ್ಕ್ಯಾನರ್ ಕೇಳಿ. ಅದರೊಳಗಿನ ಉದ್ದನೆಯ ಕನ್ನಡಿಪಟ್ಟಿಗೆ ಲೇಪ ಮುಂಬದಿಯಲ್ಲೇ ಇರುತ್ತದೆ, ಚುಕ್ಕೆ ಒಂದೇ. ಬೆರಳು ಮಾತ್ರ ತಾಗಿಸಬಾರದು, ಒರೆಸಿದರೆ ಗೀರು ಬೀಳುತ್ತದೆ. ಕನ್ನಡಿಯ ಸ್ಟ್ಯಾಂಡಿಗೆ ಎರಡು ಸಣ್ಣ ಮರದ ಚೌಕ, ನಡುವೆ ಮೂರು ಬೋಲ್ಟು, ಹಿಡಿದೆಳೆಯಲು ಒಂದು ಸ್ಪ್ರಿಂಗು. ಬೋಲ್ಟು ತಿರುಗಿಸಿದಷ್ಟು ಕನ್ನಡಿ ವಾಲುತ್ತದೆ. ಇದನ್ನು ಮಕ್ಕಳೇ ಮಾಡಲಿ, ಎರಡು ಕೆಟ್ಟರೂ ಮೂರನೆಯದು ಚೆನ್ನಾಗಿ ಬರುತ್ತದೆ.

ಕಿರಣ ನಡೆಸುವ ಕಲೆ

ಇಡೀ ಪ್ರಯೋಗಾಲಯದಲ್ಲಿ ಮಕ್ಕಳು ಕಲಿಯಬೇಕಾದ ಕೈಕೆಲಸ ಒಂದಿದ್ದರೆ ಅದು ಇದೇ, ಆತುರ ಮಾಡಬೇಡಿ.

ಎರಡು ರಟ್ಟಿನ ತುಂಡು ತೆಗೆದುಕೊಳ್ಳಿ. ಎರಡಕ್ಕೂ ಮೇಜಿನಿಂದ ಸರಿಯಾಗಿ 10 ಸೆಂಟಿಮೀಟರ್ ಎತ್ತರದಲ್ಲಿ ದಬ್ಬಣದಿಂದ ತೂತು ಮಾಡಿ. ಒಂದನ್ನು ಹತ್ತಿರ, ಇನ್ನೊಂದನ್ನು ಮೇಜಿನ ತುದಿಯಲ್ಲಿ ನಿಲ್ಲಿಸಿ. ಲೇಸರ್ ಬೆಳಕು ಮೊದಲ ಕನ್ನಡಿಗೆ ಬಡಿದು ತಿರುಗಬೇಕು, ಎರಡನೆಯದಕ್ಕೆ ಬಡಿದು ಮತ್ತೆ ತಿರುಗಬೇಕು, ಆಮೇಲೆ ಎರಡೂ ತೂತನ್ನು ಹಾದು ಕಪ್ಪು ರಟ್ಟಿಗೆ ಬೀಳಬೇಕು. ಕೇಳಲು ಸುಲಭ. ಮೊದಲ ತೂತಿಗೆ ಸರಿಮಾಡಿದರೆ ಎರಡನೆಯದು ತಪ್ಪುತ್ತದೆ, ಎರಡನೆಯದಕ್ಕೆ ಸರಿಮಾಡಿದರೆ ಮೊದಲನೆಯದು ಕೈಬಿಡುತ್ತದೆ.

ಉಪಾಯ ಇಷ್ಟೇ: ಹತ್ತಿರದ ತೂತನ್ನು ಮೊದಲ ಕನ್ನಡಿಯಿಂದ ಹಿಡಿಯಿರಿ, ದೂರದ ತೂತನ್ನು ಎರಡನೇ ಕನ್ನಡಿಯಿಂದ. ಒಂದಾದ ಮೇಲೊಂದು, ಪ್ರತಿ ಸಲ ತಪ್ಪು ಕಡಿಮೆಯಾಗುತ್ತ ಬರುತ್ತದೆ. ಇದನ್ನು ನೀವು ಬಾಯಲ್ಲಿ ಹೇಳಬೇಡಿ. ಮೂರು ದಿನ ಅವರೇ ತಿಣುಕಲಿ. ನಮ್ಮಲ್ಲಿ ಇದನ್ನು ಮೊದಲು ಕಂಡುಹಿಡಿದದ್ದು ಪರೀಕ್ಷೆಯಲ್ಲಿ ಯಾವಾಗಲೂ ಹಿಂದೆ ಬೀಳುವ ಹುಡುಗಿ. ಬೋಲ್ಟಿನ ಮೇಲೆ ಎರಡು ಬೆರಳಿಟ್ಟು, ಉಸಿರು ಹಿಡಿದು, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಕೈ ತೆಗೆದು, ಚುಕ್ಕೆ ನಿಲ್ಲುವವರೆಗೆ ಕಾದು, ಮತ್ತೆ ತಿರುಗಿಸುತ್ತಿದ್ದಳು. ಅವಳ ಅಮ್ಮ ತೋಟದಲ್ಲಿ ಕಾಫಿ ಕಸಿ ಕಟ್ಟುವವರು. ಆ ತಾಳ್ಮೆ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು. ಮುಂದಿನ ತಿಂಗಳು ಅವಳೇ ಉಳಿದವರಿಗೆ ಕಲಿಸಿದಳು, ಅರ್ಧ ಕನ್ನಡದಲ್ಲಿ, ಅರ್ಧ ಎರವ ಮಾತಿನಲ್ಲಿ. ತರಗತಿಯಲ್ಲಿ ಕೊಡವ, ಅರೆಭಾಷೆ, ಮಲಯಾಳಂ ಮಾತಾಡುವ ಮಕ್ಕಳಿದ್ದರೆ ತಮ್ಮ ತಮ್ಮ ಮಾತಿನಲ್ಲೇ ವಿವರಿಸಿಕೊಳ್ಳಲಿ, ಪಾರಿಭಾಷಿಕ ಪದ ಆಮೇಲೆ ತಾನಾಗಿ ಬರುತ್ತದೆ.

ಮಳೆಗಾಲದಲ್ಲಿ ಈ ಅಭ್ಯಾಸ ಮಾಡಿಸಲು ಇನ್ನೊಂದು ಕಾರಣವಿದೆ. ಬೇರೆ ಊರಿನವರು ಕಿರಣದ ದಾರಿ ಕಾಣಲೆಂದು ಊದುಬತ್ತಿ ಹಚ್ಚುತ್ತಾರೆ. ನಾವು ಕಿಟಕಿ ತೆಗೆದರೆ ಸಾಕು. ಮಂಜು ಒಳಗೆ ನುಗ್ಗಿ, ಅಷ್ಟು ಹೊತ್ತು ಬರೀ ಚುಕ್ಕೆಯಾಗಿದ್ದ ಲೇಸರ್ ಕನ್ನಡಿಯಿಂದ ಕನ್ನಡಿಗೆ ಕೆಂಪು ದಾರ ಕಟ್ಟಿದ ಹಾಗೆ ಕಾಣುತ್ತದೆ. ಮಂಜಿನ ಹನಿಗಳು ಬೆಳಕನ್ನು ಚದುರಿಸಿ ಸ್ವಲ್ಪ ಪಾಲನ್ನು ನಮ್ಮ ಕಣ್ಣಿಗೆ ತರುತ್ತವೆ, ಅಷ್ಟೇ. ಗಾಳಿ ಬೀಸಿದಾಗ ಆ ದಾರದೊಳಗೆ ಮಂಜು ಹೊರಳುವುದನ್ನು ನಾನು ಇಷ್ಟು ವರ್ಷವಾದರೂ ನಿಂತು ನೋಡುತ್ತೇನೆ.

ಕೂದಲಿನ ದಪ್ಪ ಅಳೆಯುವುದು

ಅಳತೆಯ ಪ್ರಯೋಗಗಳಲ್ಲಿ ಮೊದಲನೆಯದು ಇದಾಗಲಿ. ಒಂದು ಕೂದಲನ್ನು ರಟ್ಟಿನ ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿ ಕಿರಣಕ್ಕೆ ಅಡ್ಡ ಹಿಡಿಯಿರಿ. ಎರಡು ಮೀಟರ್ ದೂರದಲ್ಲಿ ಬಿಳಿ ಹಾಳೆ. ಹಾಳೆಯ ಮೇಲೆ ಕೂದಲಿನ ನೆರಳು ಬೀಳುವುದಿಲ್ಲ, ನಡುವೆ ಪ್ರಕಾಶಮಾನ ಪಟ್ಟಿ, ಅದರ ಎರಡೂ ಬದಿಗೆ ಬೆಳಕು ಕತ್ತಲೆ ಬೆಳಕು ಕತ್ತಲೆ ಎಂದು ಸಾಲು. ಇದು ವಿವರ್ತನೆ, ಅಂದರೆ ಸಣ್ಣ ಅಡ್ಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುವುದು. ಮಧ್ಯದಿಂದ ಎಡಕ್ಕೆ ಐದನೇ ಕತ್ತಲೆಯಿಂದ ಬಲಕ್ಕೆ ಐದನೇ ಕತ್ತಲೆಯವರೆಗೆ ಸ್ಕೇಲಿನಿಂದ ಅಳೆದು ಹತ್ತರಿಂದ ಭಾಗಿಸಿ. ಒಂದೊಂದನ್ನೇ ಅಳೆದರೆ ತಪ್ಪು ಹೆಚ್ಚು.

ಒಬ್ಬಳಿಗೆ 18 ಸೆಂಟಿಮೀಟರ್ ಬಂತೆನ್ನಿ, ಅಂತರ 1.8 ಸೆಂಟಿಮೀಟರ್, ಅಂದರೆ 0.018 ಮೀಟರ್. ತರಂಗದೂರವನ್ನು ದೂರದಿಂದ ಗುಣಿಸಿ ಈ ಅಂತರದಿಂದ ಭಾಗಿಸಬೇಕು: 650 ನ್ಯಾನೋಮೀಟರ್ ಗುಣಿಸು 2 ಮೀಟರ್, ಭಾಗಿಸು 0.018 ಮೀಟರ್. ಉತ್ತರ ಸುಮಾರು 72 ಮೈಕ್ರೋಮೀಟರ್, ಒಂದು ಮಿಲಿಮೀಟರಿನ ಹದಿನಾಲ್ಕನೇ ಒಂದು ಭಾಗ. ಕೈಯಲ್ಲಿರುವುದು ಮರದ ಸ್ಕೇಲು, ಅಳೆದದ್ದು ಕೂದಲು. ಇದು ಮಕ್ಕಳ ಮುಖದಲ್ಲಿ ಮೂಡಿಸುವ ಬೆರಗನ್ನು ಬೇರಾವ ಪ್ರಯೋಗದಲ್ಲೂ ನಾನು ಕಂಡಿಲ್ಲ. ಆಮೇಲೆ ಯಾರೂ ಹೇಳದೆಯೇ ಅಜ್ಜಿಯ ಬಿಳಿಕೂದಲು, ನಾಯಿಯ ರೋಮ, ಜೇಡನ ನೂಲು ಎಲ್ಲ ಬಂದವು. ದಾರ ತೆಳುವಾದಷ್ಟೂ ಪಟ್ಟಿಗಳು ಅಗಲವಾಗುತ್ತವೆ ಎಂಬುದನ್ನು ಜೇಡನ ನೂಲು ಕಲಿಸಿತು, ನಾನಲ್ಲ.

ಸಿಡಿ ಪ್ರಯೋಗವೂ ಹೀಗೆಯೇ. ಸಿಡಿಯ ಮೇಲಿನ ಬೆಳ್ಳಿಪೊರೆಯನ್ನು ಗಮ್ ಟೇಪಿನಿಂದ ಕಿತ್ತು, ಉಳಿದ ಪಾರದರ್ಶಕ ತಟ್ಟೆಯ ಮೂಲಕ ಕಿರಣ ಹಾಯಿಸಿ. ಸಿಡಿಯಲ್ಲಿ ಮಾಹಿತಿ ಬರೆದ ಸಾಲಿನಿಂದ ಸಾಲಿಗೆ 1.6 ಮೈಕ್ರೋಮೀಟರ್ ಇರುವುದರಿಂದ, ಒಂದು ಮೀಟರ್ ದೂರದ ಗೋಡೆಯ ಮೇಲೆ ಮಧ್ಯದ ಚುಕ್ಕೆಯಿಂದ ಸುಮಾರು 44 ಸೆಂಟಿಮೀಟರ್ ಆಚೆಗೆ ಇನ್ನೊಂದು ಚುಕ್ಕೆ ಬರುತ್ತದೆ. ಡಿವಿಡಿಯ ಸಾಲುಗಳು 0.74 ಮೈಕ್ರೋಮೀಟರ್, ಚುಕ್ಕೆ ಬಹಳ ದೂರ ಹೋಗುತ್ತದೆ, ಗೋಡೆಯ ಬದಲು 20 ಸೆಂಟಿಮೀಟರ್ ದೂರದಲ್ಲಿ ಅಗಲವಾದ ರಟ್ಟು ನಿಲ್ಲಿಸಿ. ಚುಕ್ಕೆಗಳು ಬದಿಗೆ ಹಾರುವುದರಿಂದ ಅಲ್ಲಿ ಯಾರೂ ನಿಂತಿರಬಾರದು.

ನೀರಿನ ಧಾರೆಯೊಳಗೆ ಬೆಳಕು ಹರಿಸುವುದು ಎಂಟನೆಯವರಿಗೂ ಆಗುತ್ತದೆ. ಬಾಟಲಿಯ ಬುಡದ ಹತ್ತಿರ ತೂತು, ಎದುರು ಬದಿಯಿಂದ ತೂತಿನತ್ತ ಲೇಸರ್, ಕೆಳಗೆ ಬಕೆಟ್. ಧಾರೆ ಬಾಗಿದ ಕಡೆ ಬೆಳಕೂ ಬಾಗುತ್ತದೆ. ನೀರಿನೊಳಗಿನಿಂದ ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಬೆಳಕು ಹೊರಗೆ ದಾಟಲಾರದೆ ಒಳಗೇ ಪ್ರತಿಫಲಿಸುತ್ತ ಸಾಗುತ್ತದೆ. ತೋಟದ ಕಂಬಗಳ ಮೇಲೆ ಎಳೆದಿರುವ ಇಂಟರ್ನೆಟ್ ಫೈಬರ್ ಕೇಬಲಿನೊಳಗೂ ಇದೇ ನಡೆಯುವುದು.

ಕೆಟ್ಟ ಕ್ಯಾಲ್ಕುಲೇಟರ್ ಸಿಕ್ಕರೆ ಎಸೆಯಬೇಡಿ. ಪರದೆಗೆ ಅಂಟಿದ ತೆಳು ಹಾಳೆ ಧ್ರುವಕ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ದಾಟಿಸುವಂಥದ್ದು. ಲೇಸರ್ ಮುಂದೆ ಹಿಡಿದು ತಿರುಗಿಸುತ್ತ ಹೋದರೆ ಚುಕ್ಕೆ ಮಂಕಾಗಿ, ಬಹುತೇಕ ಆರಿ, ಮತ್ತೆ ಬೆಳಗುತ್ತದೆ. ಅತಿ ಪ್ರಕಾಶದ ಸ್ಥಾನದಿಂದ 60 ಡಿಗ್ರಿ ತಿರುಗಿಸಿದರೆ ಬೆಳಕು ಸುಮಾರು ಕಾಲು ಭಾಗಕ್ಕಿಳಿಯುತ್ತದೆ.

ಬೂಷ್ಟು

ಕೊಡಗಿನಲ್ಲಿ ಮಸೂರಕ್ಕೆ ಲೇಸರಿಗಿಂತ ದೊಡ್ಡ ಶತ್ರು ಬೂಷ್ಟು. ನಮ್ಮ ಮೊದಲ ಸೆಟ್ ಮಸೂರಗಳು ಒಂದೇ ಮಳೆಗಾಲದಲ್ಲಿ ಹೋದವು. ಗಾಜಿನ ಮೇಲೆ ಜೇಡರ ಬಲೆಯಂಥ ಬಿಳಿ ಎಳೆ, ಒರೆಸಿದರೂ ಕಲೆ ಉಳಿಯಿತು. ಚರ್ಮದ ಚೀಲ, ಬಟ್ಟೆ ಸುತ್ತಿದ ಪೆಟ್ಟಿಗೆ ಬೇಡ, ಅವೇ ತೇವ ಹಿಡಿಯುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ ಕಾಳು ಹಸಿರಿಗೆ ತಿರುಗಿದರೆ, ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ ಮತ್ತೆ ಹಾಕಬೇಕು. ದೊಡ್ಡ ಬೀರುವಾದರೆ ಹಳೆ ತಂತಿಯ ಝೀರೋ ಬಲ್ಬ್ ಉರಿಸಿಡುವ ನಮ್ಮ ಮನೆಗಳ ರೂಢಿಯೇ ಸರಿ, ಎಲ್‌ಇಡಿ ಬಲ್ಬಿನಿಂದ ಅಷ್ಟು ಶಾಖ ಬರುವುದಿಲ್ಲ. ವಾರಕ್ಕೊಮ್ಮೆ ಜೆಲ್ ನೋಡುವ ಹೊಣೆ ಒಬ್ಬರಿಗೆ ಕೊಡಿ. ಮಳೆ ರಜೆಯಲ್ಲೂ ಶಾಲೆಯ ಪಕ್ಕದಲ್ಲೇ ಮನೆಯಿರುವ ಮಗುವಾದರೆ ಒಳ್ಳೆಯದು.

ಲಾಗ್‌ಬುಕ್

ಪ್ರಯೋಗದ ರೆಕಾರ್ಡ್ ಪುಸ್ತಕದಂತೆ ಉದ್ದೇಶ, ಸಲಕರಣೆ, ವಿಧಾನ, ತೀರ್ಮಾನ ಎಂದು ಬರೆಸಬೇಡಿ. ದಪ್ಪ ರಟ್ಟಿನ ಒಂದು ಪುಸ್ತಕ, ದಿನಾಂಕ, ಇದ್ದವರ ಹೆಸರು, ಏನಾಯಿತು, ಅಷ್ಟೇ. ಕೆಟ್ಟದ್ದನ್ನು ಬರೆದವರಿಗೆ ಬೈಗುಳವಿಲ್ಲ ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ನಮ್ಮ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ: "ಎರಡನೇ ಕನ್ನಡಿ ಅಲುಗಿತು. ಯಾಕೆ ಗೊತ್ತಿಲ್ಲ. ಹೊರಗೆ ಮರದ ಲಾರಿ ಹೋಯಿತು." ಮೂರು ದಿನ ಬಿಟ್ಟು ಬೇರೆ ಕೈಬರಹದಲ್ಲಿ, "ಇವತ್ತೂ ಲಾರಿ ಹೋದಾಗಲೇ ಅಲುಗಿತು." ಅಲ್ಲಿಂದ ಅವರು ಕಲ್ಲಿನ ಕೆಳಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್ ಇಟ್ಟರು, ಅಲುಗಾಟ ನಿಂತಿತು.

ಆ ಟ್ಯೂಬ್ ಇದ್ದರೆ ಪಿಯು ಮಕ್ಕಳು ಮೈಕಲ್ಸನ್ ವ್ಯತಿಕರಣಮಾಪಕಕ್ಕೂ ಕೈ ಹಾಕಬಹುದು. ಒಂದು ಗಾಜಿನ ಸ್ಲೈಡ್ ಕಿರಣವನ್ನು ಎರಡಾಗಿಸುತ್ತದೆ, ಎರಡು ಕನ್ನಡಿ ಅವನ್ನು ವಾಪಸ್ ಕಳಿಸುತ್ತವೆ, ಸೇರಿದ ಕಡೆ ಪಟ್ಟಿಗಳು ಕಾಣುತ್ತವೆ. ಎರಡೂ ತೋಳು, ಅಂದರೆ ಸ್ಲೈಡಿನಿಂದ ಒಂದೊಂದು ಕನ್ನಡಿಯವರೆಗಿನ ದಾರಿ, ಆದಷ್ಟು ಸಮ ಉದ್ದವಿರಲಿ. ಒಂದು ಕನ್ನಡಿ ಬರೀ 325 ನ್ಯಾನೋಮೀಟರ್ ಸರಿದರೂ ಒಂದು ಪಟ್ಟಿ ದಾಟುತ್ತದೆ, ಆದ್ದರಿಂದ ಕೋಣೆಯಲ್ಲಿ ಯಾರೂ ನಡೆಯುವಂತಿಲ್ಲ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ನಿರ್ಮಾಣಕ್ಕೆ 2023ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕ, ಗುರುತ್ವದ ಅಲೆಗಳನ್ನು ಹಿಡಿಯುವ ಲಿಗೋ ಇಂಡಿಯಾ ಕೇಂದ್ರ ಇದೇ ತತ್ವದ್ದು, ತೋಳಿನ ಉದ್ದ ಮಾತ್ರ 4 ಕಿಲೋಮೀಟರ್.

ಪ್ರದರ್ಶನದ ದಿನ

ಫೆಬ್ರವರಿ 28ರಂದು ನೀವು ಮಾತಾಡಬೇಡಿ. ಸಿ.ವಿ. ರಾಮನ್ 1928ರಲ್ಲಿ ತಮ್ಮ ಶೋಧವನ್ನು ಮಾಡಿದಾಗ ಲೇಸರ್ ಹುಟ್ಟಿರಲೇ ಇಲ್ಲ, ಬಿಸಿಲು, ಬಣ್ಣದ ಫಿಲ್ಟರ್, ಕಣ್ಣು ಇಷ್ಟರಿಂದಲೇ ಅವರು ಶುರುಮಾಡಿದರು. ಥಿಯೋಡೋರ್ ಮೇಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರ ಮೇ 16ರಂದು. ಈ ಕತೆಯನ್ನೂ ಮಕ್ಕಳೇ ಹೇಳಲಿ. ಪ್ರತಿ ಮೇಜಿಗೆ ಇಬ್ಬರು: ಒಬ್ಬರು ತೋರಿಸುವವರು, ಇನ್ನೊಬ್ಬರು ಕಣ್ಣಿನ ಕಾವಲಿನವರು. ಕಾವಲಿನವರ ಮಾತಿಗೆ ಎದುರಾಡುವಂತಿಲ್ಲ, ಬಂದವರು ಅಧಿಕಾರಿಯಾಗಲಿ, ಊರ ಹಿರಿಯರಾಗಲಿ. ಒಮ್ಮೆ ಅತಿಥಿಯೊಬ್ಬರು ಕುತೂಹಲದಿಂದ ಕಿರಣದ ಮಟ್ಟಕ್ಕೆ ಬಗ್ಗಿದಾಗ ಆರನೇ ತರಗತಿಯ ಪೋರಿ, "ಮಾವ, ಬಗ್ಗಬೇಡಿ" ಎಂದು ಕೂಗಿ ಸ್ವಿಚ್ ಆರಿಸಿದಳು. ಅವರು ನೆಟ್ಟಗೆ ನಿಂತು, "ಸರಿ ಮಗಳೇ" ಎಂದರು.

ಕೊನೆಯ ಕೆಲಸ ಕೀ ಹಸ್ತಾಂತರ. ಪ್ರದರ್ಶನ ಮುಗಿದ ವಾರವೇ, ಪರೀಕ್ಷೆಯ ಗಡಿಬಿಡಿಗೆ ಮುಂಚೆ ಇಟ್ಟುಕೊಳ್ಳಿ. ಕೀ ಬಿಡುವ ಇಬ್ಬರು, ಕೀ ಪಡೆಯುವ ಇಬ್ಬರನ್ನು ತಾವೇ ಪರೀಕ್ಷೆ ಮಾಡುತ್ತಾರೆ: ಎರಡು ಕನ್ನಡಿ, ಎರಡು ತೂತು, ಹದಿನೈದು ನಿಮಿಷ. ಬ್ಯಾಟರಿಯನ್ನು ನಾನು ಡ್ರಾಯರಿನಿಂದ ತೆಗೆದುಕೊಟ್ಟು ಬಾಗಿಲ ಹತ್ತಿರ ನಿಲ್ಲುತ್ತೇನೆ. ಚುಕ್ಕೆ ಎರಡನೇ ತೂತು ದಾಟಿ ಕಪ್ಪು ರಟ್ಟಿಗೆ ಬಿದ್ದ ಮೇಲೆ ಲೇಸರ್ ಆರಿಸಿ, ಬ್ಯಾಟರಿ ನನಗೆ ವಾಪಸ್ ಕೊಟ್ಟು, ಲಾಗ್‌ಬುಕ್ಕಿನಲ್ಲಿ ನಾಲ್ವರೂ ಸಹಿ ಹಾಕುತ್ತಾರೆ.